ನೂರಡಿ ಫಿಲ್ಮನ್ನು ನೀವೇ ಸುತ್ತಿಕೊಳ್ಳುವುದಾದರೆ: ಮರುಬಳಕೆಯ ಕ್ಯಾಸೆಟ್ಟನ್ನು ಆರಿಸುವ ಬಗೆ

ಮೂವತ್ತೈದು ಮಿಲಿಮೀಟರ್ ಫಿಲ್ಮನ್ನು ನೂರಡಿಯ, ಅಂದರೆ 30.5 ಮೀಟರಿನ, ಒಂದೇ ಸುರುಳಿಯಾಗಿ ಕೊಂಡು, ಬೇಕಾದಾಗ ಬೇಕಾದಷ್ಟನ್ನು ಸಣ್ಣ ಕ್ಯಾಸೆಟ್ಟುಗಳಿಗೆ ಸುತ್ತಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಯಾವ ಫಿಲ್ಮ್ ಒಳ್ಳೆಯದು, ಬೆಳಕು ತಾಗದಂತೆ ಅದನ್ನು ಸುತ್ತಿಕೊಡುವ ಯಾವ ಲೋಡರ್ ಪೆಟ್ಟಿಗೆ ಒಳ್ಳೆಯದು ಎಂದು ವಾರಗಟ್ಟಲೆ ವಿಚಾರಿಸುತ್ತಾರೆ. ಕ್ಯಾಸೆಟ್ಟಿನ ವಿಷಯ ಬಂದಾಗ ಮಾತ್ರ ಹಳೆಯ ಲೋಡರಿನ ಜೊತೆಗೆ ಬಂದದ್ದನ್ನೋ, ಎಲ್ಲೋ ಅಗ್ಗಕ್ಕೆ ಸಿಕ್ಕಿದ್ದನ್ನೋ ಹೆಚ್ಚು ಯೋಚಿಸದೆ ಎತ್ತಿಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಆದರೆ ಹಲವು ವರ್ಷಗಳಿಂದ ಕಪ್ಪುಬಿಳುಪು ಫಿಲ್ಮನ್ನು ಹೀಗೆ ಸುತ್ತಿಕೊಳ್ಳುತ್ತಾ ಬಂದ ಮೇಲೆ ಹಾಳಾದ ರೋಲುಗಳ ಲೆಕ್ಕ ತೆಗೆದರೆ, ಫಿಲ್ಮಿನ ದೋಷದಿಂದ ಹಾಳಾದದ್ದು ಒಂದೂ ಇಲ್ಲ, ಲೋಡರಿನಿಂದ ಹಾಳಾದವು ಬೆರಳೆಣಿಕೆಯಷ್ಟು, ಮಿಕ್ಕವೆಲ್ಲ ಕ್ಯಾಸೆಟ್ಟಿನಿಂದ ಹಾಳಾದವು. ಬೆಳಕು ಸೋರಿದ್ದು, ಉದ್ದಕ್ಕೂ ಗೀರು ಬಿದ್ದದ್ದು, ಕೊನೆಯ ಫ್ರೇಮಿನಲ್ಲಿ ಫಿಲ್ಮ್ ಸ್ಪೂಲಿನಿಂದ ಕಿತ್ತು ಬಂದದ್ದು, ಮುಚ್ಚಳ ಕಳಚಿಕೊಂಡದ್ದು, ಇವೆಲ್ಲವೂ ಆ ಪುಟ್ಟ ಡಬ್ಬಿಯ ಕೆಲಸ. ಆದ್ದರಿಂದ ಈ ಬರಹವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಮರುಬಳಕೆಯ ಕ್ಯಾಸೆಟ್ಟು ಹೊಸ ಜಾಣತನವೇನೂ ಅಲ್ಲ. 1925ರಲ್ಲಿ ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದಾಗಲೂ, 1932ರಲ್ಲಿ ಕಾಂಟ್ಯಾಕ್ಸ್ ಬಂದಾಗಲೂ, ಅವುಗಳನ್ನು ಕೊಂಡವರು ಸಿನಿಮಾ ಫಿಲ್ಮನ್ನು ಕತ್ತಲೆ ಕೋಣೆಯಲ್ಲಿ ಕತ್ತರಿಸಿ ಆಯಾ ಕ್ಯಾಮೆರಾಕ್ಕೆಂದೇ ಮಾಡಿದ ಲೋಹದ ಕ್ಯಾಸೆಟ್ಟುಗಳಿಗೆ ತುಂಬಿಕೊಳ್ಳುತ್ತಿದ್ದರು. ಕಾರ್ಖಾನೆಯಲ್ಲೇ ತುಂಬಿ ಬರುವ, ಒಮ್ಮೆ ಬಳಸಿ ಎಸೆಯುವ ಇಂದಿನ ಮಾದರಿಯನ್ನು ಕೊಡಾಕ್ ಕಂಪನಿ 1934ರಲ್ಲಿ ರೆಟಿನಾ ಕ್ಯಾಮೆರಾದ ಜೊತೆಗೆ ತಂದಿತು, ಅದಕ್ಕೆ 135 ಎಂಬ ಸಂಖ್ಯೆ ಬಂದದ್ದೂ ಆಗಲೇ. ಎಸೆಯಲೆಂದು ಮಾಡಿದ ಆ ಡಬ್ಬಿಯ ಅಳತೆಯನ್ನೇ ಇಟ್ಟುಕೊಂಡು ಎಸೆಯದಂತೆ ಮಾಡಿದ ರೂಪಗಳು ಇಂದು ನಮಗೆ ಸಿಗುವ ಬಹುತೇಕ ಮರುಬಳಕೆಯ ಕ್ಯಾಸೆಟ್ಟುಗಳು. ಅವುಗಳ ಗುಣದೋಷಗಳೆಲ್ಲ ಹುಟ್ಟುವುದು ಈ ಹೊಂದಾಣಿಕೆಯಿಂದಲೇ.

ಡಬ್ಬಿಯ ಒಳಗೆ

ಆರಿಸುವ ಮೊದಲು ಒಂದು ಖಾಲಿ ಕ್ಯಾಸೆಟ್ಟನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಕೊಳವೆಯಾಕಾರದ ಮೈ, ಎರಡು ತುದಿಗಳಿಗೆ ಎರಡು ಮುಚ್ಚಳ, ನಡುವೆ ತಿರುಗುವ ಸ್ಪೂಲ್, ಮತ್ತು ಫಿಲ್ಮ್ ಹೊರಬರುವ ಸೀಳು ಬಾಯಿ, ಇಷ್ಟೇ ಅದರ ಭಾಗಗಳು. ಬಾಯಿಯ ಎರಡೂ ತುಟಿಗಳಿಗೆ ಕಪ್ಪು ಮಖಮಲ್ಲಿನ ಪಟ್ಟಿ ಅಂಟಿಸಿರುತ್ತಾರೆ. ಬೆಳಕನ್ನು ತಡೆಯುವುದೂ ಅದೇ, ಧೂಳು ಸೇರಿಕೊಂಡರೆ ಫಿಲ್ಮನ್ನು ಗೀರುವುದೂ ಅದೇ. ಸ್ಪೂಲಿನ ಒಂದು ತುದಿ ಮುಚ್ಚಳದಿಂದ ಹೊರಗೆ ಚಾಚಿಕೊಂಡಿರುತ್ತದೆ, ಇನ್ನೊಂದು ತುದಿ ಒಳಗೇ ಉಳಿದು, ಫಿಲ್ಮನ್ನು ಹಿಂದಕ್ಕೆ ಸುತ್ತುವ ಕ್ಯಾಮೆರಾದ ರಿವೈಂಡ್ ಕವಲನ್ನು ಹಿಡಿದುಕೊಳ್ಳಲು ಅದರೊಳಗೆ ಒಂದು ಅಡ್ಡಪಟ್ಟಿ ಇರುತ್ತದೆ. ಸಾಮಾನ್ಯ ಕ್ಯಾಮೆರಾಗಳಲ್ಲಿ ಚಾಚಿದ ತುದಿ ಕೆಳಮುಖವಾಗಿ ಕೂರುತ್ತದೆ. ಕ್ಯಾಸೆಟ್ಟನ್ನು ಮರಳಿ ಜೋಡಿಸುವಾಗ ಸ್ಪೂಲನ್ನು ತಲೆಕೆಳಗಾಗಿ ಇಟ್ಟರೆ ಫಿಲ್ಮಿನ ರಾಸಾಯನಿಕ ಲೇಪನದ ಬದಿ ಲೆನ್ಸಿಗೆ ಬೆನ್ನು ಹಾಕಿ ನಿಲ್ಲುತ್ತದೆ. ಅನುಮಾನ ಬಂದಾಗಲೆಲ್ಲ ಅಂಗಡಿಯಿಂದ ತಂದ ತುಂಬಿದ ರೋಲೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು ಸುಲಭದ ಉಪಾಯ.

ಈ ಭಾಗಗಳಲ್ಲಿ ಯಾವುದನ್ನು ಹೇಗೆ ಮಾಡಿದ್ದಾರೆ ಎಂಬುದರ ಮೇಲೆ ಕ್ಯಾಸೆಟ್ಟುಗಳು ಬೇರೆ ಬೇರೆ ಜಾತಿಗಳಾಗುತ್ತವೆ.

ತಿರುಪಿನ ಮುಚ್ಚಳದ ಪ್ಲಾಸ್ಟಿಕ್

ಈಗ ಹೊಸದಾಗಿ ಸಿಗುವವುಗಳಲ್ಲಿ ಕಪ್ಪು ಪ್ಲಾಸ್ಟಿಕ್ಕಿನವೇ ಹೆಚ್ಚು. ಮುಚ್ಚಳವನ್ನು ತಿರುಪಿನಂತೆ ತಿರುಗಿಸಿ ಹಾಕುವುದರಿಂದ ಕೈತಪ್ಪಿ ಬಿದ್ದರೂ ಅದು ಕಳಚುವುದಿಲ್ಲ ಎಂಬುದು ಇದರ ದೊಡ್ಡ ಗುಣ, ಮೊದಲ ಸಲ ಸುತ್ತುವವರಿಗೆ ನಾನು ಸೂಚಿಸುವುದೂ ಇದನ್ನೇ. ಆದರೆ ಪ್ಲಾಸ್ಟಿಕ್ ಎಂದರೆ ಎಲ್ಲವೂ ಒಂದೇ ಅಲ್ಲ. ಅಗ್ಗದ ಅಚ್ಚಿನಲ್ಲಿ ತೆಗೆದವುಗಳಲ್ಲಿ ತಿರುಪಿನ ಎಳೆ ತೆಳ್ಳಗಿದ್ದು, ಬೆಳಕು ನುಗ್ಗದ, ತೋಳು ತೂರಿಸಿ ಕೆಲಸ ಮಾಡುವ ಚೇಂಜಿಂಗ್ ಬ್ಯಾಗಿನೊಳಗೆ ಬೆವರಿದ ಬೆರಳುಗಳಿಂದ ಮುಚ್ಚುವಾಗ ಅದು ಓರೆಯಾಗಿ ಕೂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಮುಚ್ಚಿದಂತೆಯೇ ಕಾಣುತ್ತದೆ, ಒಳಗೆ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದಿರುತ್ತದೆ. ಕೊಳ್ಳುವಾಗ ಕಣ್ಣು ಮುಚ್ಚಿಕೊಂಡು ಹತ್ತು ಸಲ ಮುಚ್ಚಳ ತೆಗೆದು ಹಾಕಿ ನೋಡಿ. ಪ್ರತಿ ಸಲವೂ ಅದು ಒಂದೇ ಜಾಗದಲ್ಲಿ, ಒಂದೇ ಬಿಗಿಯಲ್ಲಿ ನಿಲ್ಲದಿದ್ದರೆ ಆ ಮಾದರಿಯನ್ನು ಬಿಟ್ಟುಬಿಡಿ.

ಎರಡನೆಯದಾಗಿ ತುಟಿಗಳನ್ನು ಗಮನಿಸಬೇಕು. ಮೈ ತೆಳುವಾಗಿದ್ದರೆ ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದಾಗಲೇ ಬಾಯಿ ತೆರೆದುಕೊಳ್ಳುತ್ತದೆ. ಕ್ಯಾಮೆರಾದ ಹಿಂಬಾಗಿಲಿನೊಳಗೆ ಇರುವ ಸ್ಪ್ರಿಂಗ್ ಪಟ್ಟಿ ಮಾಡುವುದೂ ಇಂಥದೇ ಒತ್ತಡವನ್ನು. ಒಂದು ಮುಚ್ಚಳವನ್ನೂ ಸ್ಪೂಲನ್ನೂ ತೆಗೆದು, ಖಾಲಿ ಮೈಯನ್ನು ದೂರದರ್ಶಕದಂತೆ ಕಣ್ಣಿಗೆ ಹಿಡಿದು, ಬಾಯಿಯನ್ನು ಪ್ರಖರವಾದ ದೀಪದ ಕಡೆಗೆ ತಿರುಗಿಸಿ ನೋಡಿದರೆ ಮಖಮಲ್ಲಿನ ನಡುವೆ ಎಲ್ಲಿಯೂ ಬೆಳಕಿನ ಗೆರೆ ಕಾಣಬಾರದು. ಮೈಯನ್ನು ಮೆಲ್ಲಗೆ ಒತ್ತಿದಾಗಲೂ ಕಾಣಬಾರದು.

ಇನ್ನೊಂದು ತೊಡಕು ಅಳತೆಯದು. ಪ್ಲಾಸ್ಟಿಕ್ ಮುಚ್ಚಳಗಳ ಅಂಚು ಲೋಹದ್ದಕ್ಕಿಂತ ದಪ್ಪ. ಹಳೆಯ ಕ್ಯಾಮೆರಾಗಳ ಕೋಣೆ ಇಕ್ಕಟ್ಟಾಗಿದ್ದರೆ ಅವು ಕೂರುವಾಗ ಬಿಗಿಯಾಗುತ್ತವೆ, ಇಲ್ಲವೇ ರಿವೈಂಡ್ ಕವಲು ಅಡ್ಡಪಟ್ಟಿಯನ್ನು ಪೂರ್ತಿ ಹಿಡಿಯದೆ ಅರ್ಧಕ್ಕೆ ನಿಲ್ಲುತ್ತದೆ. ಫಿಲ್ಮ್ ತುಂಬುವ ಮೊದಲೇ ಖಾಲಿ ಕ್ಯಾಸೆಟ್ಟನ್ನು ನಿಮ್ಮ ಕ್ಯಾಮೆರಾದಲ್ಲಿಟ್ಟು, ಬಾಗಿಲು ಮುಚ್ಚಿ, ರಿವೈಂಡ್ ಗುಂಡಿಯನ್ನು ತಿರುಗಿಸಿ ನೋಡಿದರೆ ಇದು ಅರ್ಧ ನಿಮಿಷದಲ್ಲಿ ತಿಳಿದುಹೋಗುತ್ತದೆ. ನಿಮ್ಮಲ್ಲಿ ಮೂರು ಕ್ಯಾಮೆರಾ ಇದ್ದರೆ ಮೂರರಲ್ಲೂ ನೋಡಿ.

ಒತ್ತಿ ಕೂರಿಸುವ ಮುಚ್ಚಳದ ಲೋಹ

ಲೋಹದ ಕ್ಯಾಸೆಟ್ಟಿನ ಮೈ ಒಂದು ತೆಳು ತಗಡನ್ನು ಸುತ್ತಿ ಮಾಡಿದ್ದು. ತಗಡಿನ ಎರಡು ಅಂಚುಗಳು ಸೇರುವ ಜಾಗವೇ ಬಾಯಿ. ಮುಚ್ಚಳ ತೆಗೆದ ಕೂಡಲೇ ತಗಡು ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅದನ್ನು ಬಿಗಿಯಾಗಿ ಒಟ್ಟುಗೂಡಿಸಿ ತುಟಿಗಳನ್ನು ಒತ್ತಿ ಹಿಡಿಯುವ ಕೆಲಸವೂ ಮುಚ್ಚಳಗಳದ್ದೇ. ಅಂದಮೇಲೆ ಈ ಜಾತಿಯಲ್ಲಿ ಮುಚ್ಚಳ ಸೊಟ್ಟಗಾದರೆ ಎರಡು ಕಡೆಯಿಂದ ನಷ್ಟ: ತುದಿಯಿಂದಲೂ ಬೆಳಕು, ಬಾಯಿಯಿಂದಲೂ ಬೆಳಕು. ಕೊಡಾಕ್ ಕಂಪನಿಯ ಹಿಂದಿನ ಸ್ನ್ಯಾಪ್ ಕ್ಯಾಪ್ ಮಾದರಿಯಂಥವು ಹಳೆಯ ಸಾಮಾನಿನ ನಡುವೆ ಆಗೀಗ ಸಿಗುತ್ತವೆ. ಅವುಗಳ ತಗಡು ಗಟ್ಟಿ, ಅಳತೆ ಕರಾರುವಾಕ್ಕು. ಮುಚ್ಚಳಗಳು ಎಷ್ಟು ಸಲ ತೆರೆದುಕೊಂಡಿವೆ ಎಂಬುದು ಮಾತ್ರ ದೇವರಿಗೇ ಗೊತ್ತು.

ಲೋಹದ್ದನ್ನು ಆರಿಸುವಾಗ ಮುಚ್ಚಳದ ಒಳ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಅಲ್ಲಲ್ಲಿ ತಗ್ಗು, ಉಬ್ಬು ತಾಗಿದರೆ ಹಿಂದಿನವರು ಅದನ್ನು ಉಗುರಿನಿಂದಲೋ ಸ್ಕ್ರೂಡ್ರೈವರಿನಿಂದಲೋ ಎಬ್ಬಿದ್ದಾರೆ ಎಂದರ್ಥ. ಸರಿಯಾಗಿ ತೆಗೆಯುವ ವಿಧಾನವೆಂದರೆ ಚಾಚಿದ ಸ್ಪೂಲ್ ತುದಿಯನ್ನು ಮೇಜಿನ ಮೇಲೆ ನೆಟ್ಟಗೆ ಕುಟ್ಟುವುದು. ಆಗ ಸ್ಪೂಲೇ ಎದುರು ಬದಿಯ ಮುಚ್ಚಳವನ್ನು ಒಳಗಿನಿಂದ ನೂಕಿ ಸಮನಾಗಿ ಬಿಡಿಸುತ್ತದೆ. ಆದರೆ ಇದೇ ಸೌಲಭ್ಯ ಅದರ ದೌರ್ಬಲ್ಯವೂ ಹೌದು. ಒಂದು ವರ್ಷ ಬಸವನಗುಡಿಯ ಕಡಲೆಕಾಯಿ ಪರಿಷೆಯ ಜನಜಂಗುಳಿಯಲ್ಲಿ ರೋಲು ಬದಲಿಸುವಾಗ ನನ್ನ ಕೈಯಿಂದ ಜಾರಿದ ಲೋಹದ ಕ್ಯಾಸೆಟ್ಟು ಚಾಚಿದ ತುದಿಯ ಮೇಲೆಯೇ ಬಿದ್ದು, ಮುಚ್ಚಳ ಕಳಚಿ ಕಡಲೆಕಾಯಿ ರಾಶಿಯೊಳಗೆ ಮಾಯವಾಯಿತು. ಸಂಜೆಯವರೆಗೆ ತೆಗೆದಿದ್ದ ಮೂವತ್ತಾರು ಚಿತ್ರಗಳೂ ಅದರ ಜೊತೆಗೇ ಹೋದವು. ಅಂದಿನಿಂದ ಲೋಹದವನ್ನು ಹೊರಗೆ ಒಯ್ಯುವಾಗ ಕ್ಯಾಮೆರಾದಿಂದ ತೆಗೆದ ತಕ್ಷಣ ಮುಚ್ಚಳವುಳ್ಳ ಪ್ಲಾಸ್ಟಿಕ್ ಡಬ್ಬಿಗೆ ಹಾಕುತ್ತೇನೆ, ಕಿಸೆಗೆ ಬರಿದಾಗಿ ಇಳಿಬಿಡುವುದಿಲ್ಲ.

ಲ್ಯಾಬಿನಿಂದ ತಂದ ಖಾಲಿ ಕ್ಯಾಸೆಟ್ಟು

ಕೈಯಿಂದ ದುಡ್ಡು ಬಿಚ್ಚದೆ ಆರಂಭಿಸಬೇಕೆನ್ನುವವರಿಗೆ ಮೂರನೆಯ ದಾರಿಯೊಂದಿದೆ. ಈಗಿನ ಕಾರ್ಖಾನೆಯ ಕ್ಯಾಸೆಟ್ಟುಗಳ ಮುಚ್ಚಳವನ್ನು ಮೈಗೆ ಮಡಿಚಿ ಒತ್ತಿರುತ್ತಾರೆ; ಒಮ್ಮೆ ಬಾಟಲಿ ತೆರೆಯುವ ಸಾಧನದಿಂದ ಎಬ್ಬಿದರೆ ಮತ್ತೆ ಕೂರುವುದಿಲ್ಲ. ಆದರೆ ಲ್ಯಾಬಿನಲ್ಲಿ ಕ್ಯಾಸೆಟ್ಟನ್ನು ತೆರೆಯದೆ ಬಾಯಿಯಿಂದಲೇ ಫಿಲ್ಮನ್ನು ಪೂರ್ತಿ ಎಳೆದು ಕತ್ತರಿಸಿದ್ದರೆ, ಸ್ಪೂಲಿಗೆ ಅಂಟಿಕೊಂಡ ಫಿಲ್ಮಿನ ಒಂದೆರಡು ಸೆಂಟಿಮೀಟರ್ ತುಂಡು ಹೊರಗೆ ಇಣುಕುತ್ತಿರುತ್ತದೆ. ಆ ಬಾಲಕ್ಕೆ ನಿಮ್ಮ ಫಿಲ್ಮಿನ ತುದಿಯನ್ನು ಟೇಪಿನಿಂದ ಜೋಡಿಸಿ ಲೋಡರಿನಲ್ಲಿಟ್ಟು ಸುತ್ತಿದರೆ ಆಯಿತು. ಮುಚ್ಚಳ ಕಳಚುವ ಭಯವಿಲ್ಲ, ಕಾರ್ಖಾನೆಯ ಅಳತೆ, ಯಾವ ಬಗೆಯ ಫಿಲ್ಮೆಂದು ಕ್ಯಾಮೆರಾಕ್ಕೆ ತಿಳಿಸುವ ಡಿಎಕ್ಸ್ ಸಂಕೇತವೂ ಮೈಮೇಲೆ ಇರುತ್ತದೆ, ಮಖಮಲ್ಲು ಒಂದೇ ಸಲ ಬಳಕೆಯಾದದ್ದು. ಲ್ಯಾಬಿನವರು ಇವುಗಳನ್ನು ಹೇಗೂ ಕಸಕ್ಕೆ ಹಾಕುವವರು, ಕೇಳಿದರೆ ಕೊಡುತ್ತಾರೆ.

ತೊಂದರೆಗಳೂ ಇವೆ. ಒಳಗೆ ಇಣುಕಿ ನೋಡುವಂತಿಲ್ಲ, ಹಾಗಾಗಿ ಧೂಳು ಸೇರಿದ್ದು ನೆಗೆಟಿವ್ ಗೀರಾದ ಮೇಲೆಯೇ ತಿಳಿಯುವುದು. ಜೋಡಣೆ ಎರಡು ತುದಿಗಳೂ ಒಂದರ ಮೇಲೊಂದು ಬಾರದಂತೆ, ಅಂಚಿಗೆ ಅಂಚು ತಾಗಿಸಿ, ಎರಡೂ ಬದಿಗೆ ಟೇಪು ಹಾಕಿ, ನೇರವಾಗಿ ಇರಬೇಕು. ಸ್ವಲ್ಪ ಓರೆಯಾದರೂ ಫಿಲ್ಮ್ ಸುತ್ತಿಕೊಳ್ಳುವಾಗ ಒಂದು ಬದಿಗೆ ಏರಿ ಮುಚ್ಚಳಕ್ಕೆ ಉಜ್ಜುತ್ತದೆ. ಸಂಸ್ಕರಣಕ್ಕೂ ಮೊದಲಿನಂತೆಯೇ ಬಾಯಿಯಿಂದ ಎಳೆದು ಬಾಲ ಉಳಿಸಿ ಕತ್ತರಿಸಬೇಕು. ನಾನು ಒಂದೊಂದನ್ನು ನಾಲ್ಕೈದು ಸಲಕ್ಕಿಂತ ಹೆಚ್ಚು ಬಳಸುವುದಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬಿಸಾಡಲು ಸಂಕಟಪಡಬೇಕಾದ್ದಿಲ್ಲ ಎಂಬುದೇ ಇದರ ನಿಜವಾದ ಅನುಕೂಲ.

ಕ್ಯಾಮೆರಾಕ್ಕೆಂದೇ ಹುಟ್ಟಿದ ಹಿತ್ತಾಳೆಯವು

ಹಳೆಯ ಲೈಕಾ, ಕಾಂಟ್ಯಾಕ್ಸ್, ನಿಕಾನ್ ಎಫ್‌ನಂಥ ಕ್ಯಾಮೆರಾ ಇರುವವರು ಆಯಾ ಕ್ಯಾಮೆರಾದ ಮೂಲ ಕ್ಯಾಸೆಟ್ಟುಗಳ ಬಗ್ಗೆ ಕೇಳಿರಬಹುದು. ಇವುಗಳಲ್ಲಿ ಒಂದರೊಳಗೊಂದು ಎರಡು ಕೊಳವೆಗಳಿರುತ್ತವೆ, ಎರಡಕ್ಕೂ ಒಂದೊಂದು ಸೀಳು. ಕ್ಯಾಮೆರಾದ ತಳದ ಅಥವಾ ಬಾಗಿಲಿನ ಕೀಲಿಯನ್ನು ತಿರುಗಿಸಿ ಬೀಗ ಹಾಕಿದಾಗ ಒಳಗಿನ ಕೊಳವೆಯೂ ತಿರುಗಿ, ಎರಡು ಸೀಳುಗಳೂ ಎದುರುಬದುರಾಗಿ ಅಗಲವಾದ ಬಾಯಿ ತೆರೆಯುತ್ತದೆ. ಫಿಲ್ಮ್ ಯಾವುದಕ್ಕೂ ಉಜ್ಜದೆ ಸರಾಗವಾಗಿ ಹೊರಬರುತ್ತದೆ, ಬೀಗ ತೆಗೆಯುವಾಗ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಖಮಲ್ಲೇ ಇಲ್ಲದ್ದರಿಂದ ಅದರ ಗೀರೂ ಇಲ್ಲ. ಯಂತ್ರಕೌಶಲದ ದೃಷ್ಟಿಯಿಂದ ಇದಕ್ಕಿಂತ ಚೆಂದದ ಕ್ಯಾಸೆಟ್ಟನ್ನು ನಾನು ಕಂಡಿಲ್ಲ. ಕಾಂಟ್ಯಾಕ್ಸಿನಲ್ಲೂ ಅದರ ಸೋವಿಯತ್ ಸೋದರ ಕಿಯೆವ್‌ನಲ್ಲೂ ಸುತ್ತಿಕೊಳ್ಳುವ ಬದಿಗೂ ಇಂಥದೇ ಇನ್ನೊಂದು ಕ್ಯಾಸೆಟ್ಟು ಹಾಕಿ, ರಿವೈಂಡ್ ಮಾಡುವ ಗೊಡವೆಯೇ ಇಲ್ಲದೆ ಒಂದರಿಂದ ಇನ್ನೊಂದಕ್ಕೆ ಫಿಲ್ಮ್ ದಾಟಿಸಬಹುದು.

ಆದರೆ ಇವು ಮಾಡಿದ ಕ್ಯಾಮೆರಾ ಬಿಟ್ಟು ಬೇರೆ ಕಡೆ ಕೆಲಸಕ್ಕೆ ಬಾರವು. ತೆರೆಯುವ ಕೀಲಿಯೇ ಇಲ್ಲದ ಕ್ಯಾಮೆರಾದಲ್ಲಿ ಬಾಯಿ ಮುಚ್ಚಿಕೊಂಡೇ ಉಳಿಯುತ್ತದೆ. ಒಂದೇ ಕಂಪನಿಯ ಬೇರೆ ಬೇರೆ ಕಾಲದ ಕ್ಯಾಮೆರಾಗಳಿಗೂ ಬೇರೆ ಬೇರೆ ಮಾದರಿಗಳಿವೆ. ಕೊಳ್ಳುವುದಾದರೆ ಕ್ಯಾಮೆರಾವನ್ನು ಜೊತೆಗೊಯ್ದು, ಒಳಗಿಟ್ಟು, ಕೀಲಿ ತಿರುಗಿಸಿ ನೋಡಿಯೇ ಕೊಳ್ಳಿ. ಮೈಯಲ್ಲಿ ಒಂದು ಸಣ್ಣ ತಗ್ಗು ಬಿದ್ದಿದ್ದರೂ ಎರಡು ಕೊಳವೆಗಳು ಒಂದಕ್ಕೊಂದು ಉಜ್ಜಿ ಅರ್ಧಕ್ಕೇ ನಿಲ್ಲುತ್ತವೆ.

ಕ್ಯಾಮೆರಾ ಕೇಳುವ ಪ್ರಶ್ನೆಗಳು

ಕೈಯಿಂದ ಫಿಲ್ಮ್ ಮುಂದೂಡುವ, ಫಿಲ್ಮಿನ ವೇಗವನ್ನು, ಅಂದರೆ ಅದು ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಳತೆಯನ್ನು, ಕೈಯಿಂದಲೇ ಹೊಂದಿಸುವ ಹಳೆಯ ಕ್ಯಾಮೆರಾ ನಿಮ್ಮದಾಗಿದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಮೋಟಾರು, ಬ್ಯಾಟರಿಗಳ ಕ್ಯಾಮೆರಾವಾದರೆ ಎರಡು ವಿಷಯ ನೋಡಬೇಕು.

ಮೊದಲನೆಯದು 1983ರಲ್ಲಿ ಬಂದ ಡಿಎಕ್ಸ್ ಸಂಕೇತ. ಕ್ಯಾಸೆಟ್ಟಿನ ಮೈಮೇಲೆ ಆರಾರರ ಎರಡು ಸಾಲುಗಳಲ್ಲಿ ಹನ್ನೆರಡು ಚೌಕಗಳಿರುತ್ತವೆ. ಕೆಲವು ಹೊಳೆಯುವ ಬರಿ ಲೋಹ, ಕೆಲವು ಬಣ್ಣ ಬಳಿದವು. ಕ್ಯಾಮೆರಾದೊಳಗಿನ ಸಣ್ಣ ಲೋಹದ ಮೊಳೆಗಳು ಈ ಚೌಕಗಳನ್ನು ಮುಟ್ಟಿ, ಎಲ್ಲಿ ವಿದ್ಯುತ್ ಹರಿಯುತ್ತದೆ ಎಲ್ಲಿ ಹರಿಯುವುದಿಲ್ಲ ಎಂಬುದರಿಂದ ಫಿಲ್ಮಿನ ವೇಗವನ್ನು ಓದಿಕೊಳ್ಳುತ್ತವೆ. ಪ್ಲಾಸ್ಟಿಕ್ ಮೈಯಿಂದ ಏನೂ ಹರಿಯದಿದ್ದರಿಂದ ಅನೇಕ ಸಣ್ಣ ಆಟೊಮ್ಯಾಟಿಕ್ ಕ್ಯಾಮೆರಾಗಳು ವೇಗ 100 ಎಂದು ತಾವೇ ಅಂದುಕೊಳ್ಳುತ್ತವೆ. ನೀವು ಸುತ್ತಿದ್ದು ಇಲ್ಫರ್ಡ್ ಕಂಪನಿಯ 400 ವೇಗದ ಎಚ್‌ಪಿ5 ಆಗಿದ್ದರೆ ಎರಡು ಸ್ಟಾಪಿನಷ್ಟು ಹೆಚ್ಚು, ಅಂದರೆ ಬೇಕಾದದ್ದರ ನಾಲ್ಕು ಪಟ್ಟು, ಬೆಳಕು ಬಿದ್ದಂತಾಯಿತು. ಇದಕ್ಕೆ ವಿರುದ್ಧವಾಗಿ, ಬಣ್ಣ ಬಳಿಯದ ಬರಿ ಲೋಹದ ಮೈಯಲ್ಲಿ ಎಲ್ಲ ಮೊಳೆಗಳಿಗೂ ವಿದ್ಯುತ್ ಹರಿದು, ಯಾವ ಫಿಲ್ಮ್ ಹಾಕಿದರೂ ಕ್ಯಾಮೆರಾ ಅದನ್ನು ಅತಿ ವೇಗದ ಫಿಲ್ಮ್ ಎಂದೇ ಓದುತ್ತದೆ. ಆಗ ನೆಗೆಟಿವ್ ಬಹುತೇಕ ಖಾಲಿಯಾಗಿ ಬರುತ್ತದೆ. ಎರಡರಲ್ಲಿ ಇದೇ ಹೆಚ್ಚು ಕೆಟ್ಟದ್ದು, ಏಕೆಂದರೆ ಹೆಚ್ಚು ಬೆಳಕು ಬಿದ್ದ ಕಪ್ಪುಬಿಳುಪು ನೆಗೆಟಿವಿನಿಂದ ಹೇಗೋ ಪ್ರಿಂಟ್ ತೆಗೆಯಬಹುದು, ಬೀಳದೇ ಹೋದ ಬೆಳಕನ್ನು ಎಲ್ಲಿಂದ ತರುವುದು? ವೇಗವನ್ನು ಕೈಯಿಂದ ಬದಲಿಸಲು ಬಾರದ ಕ್ಯಾಮೆರಾ ನಿಮ್ಮದಾಗಿದ್ದರೆ, ನೀವು ಸುತ್ತುವ ಫಿಲ್ಮಿನ ವೇಗವೇ ಇರುವ ಲ್ಯಾಬಿನ ಖಾಲಿ ಕ್ಯಾಸೆಟ್ಟುಗಳನ್ನು ಸಂಗ್ರಹಿಸುವುದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ. ಮೈಗೆ ಅಂಟಿಸುವ ಡಿಎಕ್ಸ್ ಚೀಟಿಗಳೂ ಸಿಗುತ್ತವೆ, ಆದರೆ ಅವನ್ನು ಚೌಕಗಳಿರಬೇಕಾದ ಜಾಗದಲ್ಲೇ, ಕೂದಲೆಳೆಯೂ ಜರುಗದಂತೆ, ಅಂಚು ಏಳದಂತೆ ಅಂಟಿಸಬೇಕು.

ಎರಡನೆಯದು ಸ್ಪೂಲಿನ ಸರಾಗ. ಮೋಟಾರಿರುವ ಬಹುತೇಕ ಕ್ಯಾಮೆರಾಗಳಿಗೆ ರೋಲು ಮುಗಿಯಿತೆಂದು ತಿಳಿಯುವುದು ಫಿಲ್ಮ್ ಬಿಗಿದು ನಿಂತಾಗ. ಸ್ಪೂಲು ಮುಚ್ಚಳಕ್ಕೆ ಉಜ್ಜುತ್ತಾ ಕಷ್ಟಪಟ್ಟು ತಿರುಗುತ್ತಿದ್ದರೆ ಹದಿನೈದನೆಯ ಚಿತ್ರಕ್ಕೇ ಕ್ಯಾಮೆರಾ ರೋಲು ಮುಗಿಯಿತೆಂದು ಭಾವಿಸಿ ಹಿಂದಕ್ಕೆ ಸುತ್ತಲು ಆರಂಭಿಸಬಹುದು. ತುಂಬಿದ ಕ್ಯಾಸೆಟ್ಟಿನ ಚಾಚಿದ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿದು ತಿರುಗಿಸಿದಾಗ ಕರಕರ ಸದ್ದಾಗಲಿ, ಎಲ್ಲಾದರೂ ತಡೆಯಾಗಲಿ ಇರಬಾರದು.

ನಂಬುವ ಮೊದಲು ಪರೀಕ್ಷೆ

ಹೊಸದಾಗಲಿ ಹಳೆಯದಾಗಲಿ, ಯಾವ ಕ್ಯಾಸೆಟ್ಟನ್ನೂ ಮೊದಲ ದಿನವೇ ಮುಖ್ಯವಾದ ಚಿತ್ರಕ್ಕೆ ಬಳಸಬೇಡಿ. ಕತ್ತಲೆಯಲ್ಲಿ ಅರ್ಧ ಮೀಟರಿನಷ್ಟು ಫಿಲ್ಮನ್ನು ಸುತ್ತಿ, ಬಾಯಿಯಿಂದ ಹೊರಚಾಚುವ ಫಿಲ್ಮಿನ ತುದಿಯನ್ನು, ಅಂದರೆ ನಾಲಿಗೆಯನ್ನು, ಸ್ವಲ್ಪ ಹೊರಗೆ ಬಿಟ್ಟು, ಮುಚ್ಚಿ, ಹತ್ತು ನಿಮಿಷ ಬಿಸಿಲಿನಲ್ಲಿ ಎಲ್ಲ ಮಗ್ಗುಲಿಗೂ ಹೊರಳಿಸಿ, ನಂತರ ಡೆವಲಪ್ ಮಾಡಿ ನೋಡಿ. ನೂರಡಿಯ ಸುರುಳಿಯಲ್ಲಿ ಆರು ಕ್ಯಾಸೆಟ್ಟುಗಳ ಪರೀಕ್ಷೆಗೆ ಹೋಗುವುದು ಮೂರು ಮೀಟರ್, ಅಂದರೆ ಎರಡು ರೋಲು. ನನಗೆ ಇದು ಕಡಿಮೆ ಬೆಲೆ ಎಂದೇ ಅನ್ನಿಸುತ್ತದೆ.

ಬಂದ ಕಲೆಗಳನ್ನು ಓದುವುದು ಕಷ್ಟವಲ್ಲ. ಹೊರಗಿದ್ದ ನಾಲಿಗೆಯೂ ಬಾಯೊಳಗೆ ಸೇರುವ ಮೊದಲ ಕೆಲವು ಸೆಂಟಿಮೀಟರುಗಳೂ ಕಪ್ಪಾಗುವುದು ಸಹಜ. ಆ ಕಪ್ಪು ಒಳಗಿನ ಸುತ್ತುಗಳಲ್ಲೂ ಮಸುಕಾಗುತ್ತಾ ಮತ್ತೆ ಮತ್ತೆ ಬಂದರೆ ಬಾಯಿಯ ಮಖಮಲ್ಲು ಸೋತಿದೆ. ಒಂದೇ ಅಂಚಿನ ರಂಧ್ರಗಳ ಸುತ್ತ ಹೊಗೆಯಂಥ ಕಪ್ಪು ಒಂದಿಷ್ಟು ಅಂತರಕ್ಕೊಮ್ಮೆ ಕಾಣಿಸಿಕೊಂಡು, ಸ್ಪೂಲಿನ ಕಡೆಗೆ ಹೋದಂತೆ ಆ ಅಂತರ ಕಿರಿದಾಗುತ್ತಾ ಬಂದರೆ ಅದು ಆ ಬದಿಯ ಮುಚ್ಚಳದ ಸೋರಿಕೆ. ಪ್ರತಿ ಸುತ್ತಿಗೂ ಫಿಲ್ಮ್ ಅದೇ ಬಿರುಕಿನ ಮುಂದೆ ಹಾದುಹೋಗುವುದರಿಂದ ಹೀಗಾಗುತ್ತದೆ. ಎರಡೂ ಅಲ್ಲದೆ ಸುರುಳಿಯ ಒಳತುದಿಯ ಫ್ರೇಮುಗಳು ಮಾತ್ರ ಕಪ್ಪಾಗಿದ್ದರೆ ಕ್ಯಾಸೆಟ್ಟನ್ನು ದೂರಬೇಡಿ. ಹಗಲು ಬೆಳಕಿನ ಲೋಡರಿನಲ್ಲಿ ಸ್ಪೂಲಿಗೆ ಅಂಟಿಸುವಾಗ ಫಿಲ್ಮಿನ ಆ ತುದಿ ಹೇಗೂ ಬೆಳಕಿಗೆ ಬಿದ್ದಿರುತ್ತದೆ. ಕೊನೆಯ ಎರಡು ಫ್ರೇಮುಗಳನ್ನು ಲೆಕ್ಕಕ್ಕೆ ಹಿಡಿಯದಿರುವುದೊಂದೇ ಅದಕ್ಕೆ ಪರಿಹಾರ.

ಪಾಲಿಯೆಸ್ಟರ್ ಆಧಾರದ ಕೆಲವು ಫಿಲ್ಮುಗಳು ಗಾಜಿನ ನಳಿಕೆಯಂತೆ ನಾಲಿಗೆಯ ಮೂಲಕ ಬೆಳಕನ್ನು ಒಳಗಿನ ಸುತ್ತುಗಳಿಗೆ ಸಾಗಿಸುತ್ತವೆ. ಅಂಥವುಗಳಿಗೆ ಎಷ್ಟು ಒಳ್ಳೆಯ ಮಖಮಲ್ಲಿದ್ದರೂ ಸಾಲದು, ನೆರಳಿನಲ್ಲಿ ಕ್ಯಾಮೆರಾಕ್ಕೆ ಹಾಕಿ ನೆರಳಿನಲ್ಲೇ ತೆಗೆಯಬೇಕು.

ಸ್ಪೂಲು ಮತ್ತು ಟೇಪು

ಕೆಲವು ಪ್ಲಾಸ್ಟಿಕ್ ಸ್ಪೂಲುಗಳಲ್ಲಿ ಫಿಲ್ಮಿನ ತುದಿಯನ್ನು ಸಿಕ್ಕಿಸುವ ಸೀಳು ಇರುತ್ತದೆ, ಟೇಪು ಬೇಡವೆಂದು ಮಾರುವವರು ಹೇಳುತ್ತಾರೆ. ಕೈಯಿಂದ ನಿಧಾನವಾಗಿ ಸುತ್ತುವ ಕ್ಯಾಮೆರಾಕ್ಕೆ ಅದು ಸಾಕಾಗಬಹುದು. ಮೋಟಾರಿನ ಎಳೆತಕ್ಕೆ ಮಾತ್ರ ಅದು ತಾಳುವುದಿಲ್ಲ. ಫಿಲ್ಮ್ ಸೀಳಿನಿಂದ ಕಳಚಿಕೊಂಡರೆ ಹಿಂದಕ್ಕೆ ಸುತ್ತಲು ಸಾಧ್ಯವೇ ಇಲ್ಲ. ಕ್ಯಾಮೆರಾವನ್ನು ಕತ್ತಲೆಯಲ್ಲಿ ತೆರೆದು ಕೈಯಿಂದಲೇ ತೆಗೆಯಬೇಕು. ಆದ್ದರಿಂದ ಟೇಪು ಹಿಡಿಯಲು ಸಾಕಷ್ಟು ಚಪ್ಪಟೆ ಜಾಗವಿರುವ ಸ್ಪೂಲನ್ನೇ ಆರಿಸಿ. ಟೇಪನ್ನು ಫಿಲ್ಮಿನ ಒಂದು ಬದಿಯಿಂದ ಹಿಡಿದು ಸ್ಪೂಲಿನ ಸುತ್ತ ಬಳಸಿ ಇನ್ನೊಂದು ಬದಿಗೂ ಅಂಟಿಸಬೇಕು. ಅಗಲ ಫಿಲ್ಮಿಗಿಂತ ಸ್ವಲ್ಪ ಕಡಿಮೆಯೇ ಇರಲಿ, ಅಂಚಿನಿಂದ ಹೊರಗೆ ಇಣುಕಿದ ಟೇಪು ಮುಚ್ಚಳಕ್ಕೆ ಅಂಟಿ ಸ್ಪೂಲನ್ನು ತಡೆಯುತ್ತದೆ. ಸ್ಟೇಷನರಿ ಅಂಗಡಿಯ ಸಾಧಾರಣ ಸೆಲ್ಲೋ ಟೇಪು ನಮ್ಮ ಬೇಸಿಗೆಯಲ್ಲಿ ಒಣಗಿ ಹಳದಿಯಾಗಿ ಬಿಟ್ಟುಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಗೋಡೆಗೆ ಬಣ್ಣ ಹೊಡೆಯುವವರು ಬಳಸುವ ಒಳ್ಳೆಯ ಮಾಸ್ಕಿಂಗ್ ಟೇಪು ಅದಕ್ಕಿಂತ ವಾಸಿ.

ಎಷ್ಟು ಉದ್ದ ಸುತ್ತಬೇಕೆಂಬುದೂ ಇಲ್ಲಿಗೇ ಸೇರಿದ ಮಾತು. ಒಂದು ಫ್ರೇಮಿಗೆ ಎಂಟು ರಂಧ್ರ, ರಂಧ್ರದಿಂದ ರಂಧ್ರಕ್ಕೆ 4.75 ಮಿ.ಮೀ., ಅಂದರೆ 38 ಮಿ.ಮೀ. ಮೂವತ್ತಾರು ಫ್ರೇಮಿಗೆ 1.37 ಮೀಟರ್, ನಾಲಿಗೆಯನ್ನೂ ಒಳತುದಿಯನ್ನೂ ಸೇರಿಸಿದರೆ ಹತ್ತಿರ ಹತ್ತಿರ 1.65 ಮೀಟರ್. ನೂರಡಿಗೆ ಹದಿನೆಂಟು ರೋಲು ಬರುತ್ತವೆ ಎನ್ನುವುದು ಈ ಲೆಕ್ಕದಿಂದಲೇ. ನಾಲ್ಕು ಚಿತ್ರ ಹೆಚ್ಚಿಗೆ ಸಿಗಲೆಂದು ತುರುಕಿದರೆ ಸುರುಳಿ ಮೈಯ ಒಳಗೋಡೆಗೆ ಒತ್ತಿಕೊಂಡು ಸ್ಪೂಲು ಬಿಗಿಯಾಗುತ್ತದೆ, ಡೆವಲಪಿಂಗ್ ಟ್ಯಾಂಕಿನ ರೀಲಿನಲ್ಲೂ ಕೊನೆಯ ತುಂಡಿಗೆ ಜಾಗ ಉಳಿಯುವುದಿಲ್ಲ. ಕಡಿಮೆ ಸುತ್ತುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಹನ್ನೆರಡು ಚಿತ್ರದ ರೋಲು ಮಾಡಿಕೊಳ್ಳುವ ಸ್ವಾತಂತ್ರ್ಯವೇ ಈ ಪದ್ಧತಿಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು.

ಮಖಮಲ್ಲಿನ ಆರೈಕೆ

ಫಿಲ್ಮ್ ಮಖಮಲ್ಲಿನ ನಡುವೆ ಎಷ್ಟು ಸಲ ಹಾಯುತ್ತದೆ ಎಂದು ಎಣಿಸಿ ನೋಡಿ. ಲೋಡರಿನಲ್ಲಿ ಸುತ್ತುವಾಗ ಒಮ್ಮೆ, ಚಿತ್ರ ತೆಗೆಯುತ್ತಾ ಹೊರಬರುವಾಗ ಒಮ್ಮೆ, ಹಿಂದಕ್ಕೆ ಸುತ್ತುವಾಗ ಮತ್ತೊಮ್ಮೆ, ಕ್ಯಾಸೆಟ್ಟು ಬಿಚ್ಚದೆ ಬಾಯಿಯಿಂದಲೇ ಎಳೆದರೆ ನಾಲ್ಕನೆಯ ಸಲ. ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೆ ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ರೈಲು ಹಳಿಯಂಥ ಗೆರೆ ಬೀಳುತ್ತದೆ. ಬಿಚ್ಚಬಹುದಾದ ಕ್ಯಾಸೆಟ್ಟಿದ್ದರೆ ಕತ್ತಲೆಯಲ್ಲಿ ಕೈಯಿಂದಲೇ ಸ್ಪೂಲಿಗೆ ಸುತ್ತಿ ಮೈಯೊಳಗೆ ಇಳಿಸಿ, ಸಂಸ್ಕರಣೆಯ ದಿನ ಮುಚ್ಚಳ ತೆಗೆದು ಹೊರತೆಗೆದರೆ ನಾಲ್ಕರಲ್ಲಿ ಎರಡು ಹಾಯುವಿಕೆ ಉಳಿಯುತ್ತದೆ. ಬಿಚ್ಚಲು ಬರುವ ಕ್ಯಾಸೆಟ್ಟಿನ ಪರವಾಗಿ ಇದು ಬಲವಾದ ಮಾತು.

ಪಟ್ಟಿಯನ್ನು ಪ್ರತಿ ಸಲ ತುಂಬುವ ಮೊದಲು ಭೂತಗನ್ನಡಿಯಲ್ಲಿ ನೋಡಿ, ಗಾಳಿ ಊದುವ ರಬ್ಬರ್ ಬುಡ್ಡೆಯಿಂದ ಊದಿ, ನಂತರ ಟೇಪಿನ ಅಂಟು ಬದಿಯನ್ನು ಮೆಲ್ಲಗೆ ತಾಗಿಸಿ ಎತ್ತಿದರೆ ಸಾಕು. ನೀರು, ಸ್ಪಿರಿಟ್ ಏನನ್ನೂ ತಾಗಿಸಬಾರದು. ಪಟ್ಟಿಯ ಅಂಟು ಬಿಡುತ್ತದೆ, ಎಳೆಗಳು ಒಂದಕ್ಕೊಂದು ಅಂಟಿ ಚಪ್ಪಟೆಯಾಗುತ್ತವೆ. ಮಂಗಳೂರು, ಆಗುಂಬೆಯ ಕಡೆಯವರಿಗೆ ಮಳೆಗಾಲದ ಮೂರು ತಿಂಗಳು ಧೂಳಿಗಿಂತ ಬೂಷ್ಟಿನದೇ ಚಿಂತೆ. ಖಾಲಿ ಕ್ಯಾಸೆಟ್ಟುಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಬಯಲುಸೀಮೆಯಲ್ಲಿ ಬೇಸಿಗೆಯ ಗಾಳಿಗೆ ಕಿಟಕಿ ತೆರೆದಿಟ್ಟುಕೊಂಡು ಫಿಲ್ಮ್ ಸುತ್ತಲು ಕೂರಬಾರದು. ಸ್ನಾನದ ಮನೆಯಲ್ಲಿ ಸ್ವಲ್ಪ ನೀರು ಚಿಮುಕಿಸಿ, ಧೂಳು ಅಡಗಿದ ಮೇಲೆ ಅಲ್ಲಿಯೇ ಸುತ್ತುವುದು ಹಳೆಯ ಸ್ಟುಡಿಯೋದವರೊಬ್ಬರು ನನಗೆ ಹೇಳಿಕೊಟ್ಟ ಉಪಾಯ.

ಎಷ್ಟು ಕೊಳ್ಳಬೇಕು, ಎಷ್ಟು ದಿನ ಬಳಸಬೇಕು

ಹದಿನೆಂಟು ರೋಲಿಗೆ ಹದಿನೆಂಟು ಕ್ಯಾಸೆಟ್ಟು ಬೇಕಿಲ್ಲ. ಉಳಿದ ಫಿಲ್ಮ್ ಲೋಡರಿನೊಳಗೆ ಕ್ಷೇಮವಾಗಿಯೇ ಇರುತ್ತದೆ. ತಿಂಗಳಿಗೆ ಎರಡು ಮೂರು ರೋಲು ತೆಗೆಯುವವರಿಗೆ ಆರು ಧಾರಾಳವಾಗಿ ಸಾಕು, ಆದರೆ ಆರೂ ಒಂದೇ ಮಾದರಿಯವಾಗಿರಲಿ. ಕತ್ತಲೆಯಲ್ಲಿ ಒಂದರ ಮುಚ್ಚಳ ಇನ್ನೊಂದಕ್ಕೆ ಹೋದರೂ ಕೂರಬೇಕು, ಕೈಗೆ ಒಂದೇ ಅಭ್ಯಾಸವಾಗಬೇಕು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಬಾಗಿಲು ಮುಚ್ಚಿದ ಮೇಲೆ ನಮಗೆ ಫಿಲ್ಮೂ ಕ್ಯಾಸೆಟ್ಟೂ ಹೊರದೇಶದಿಂದಲೇ ಬರಬೇಕಾಗಿರುವುದರಿಂದ, ಫಿಲ್ಮ್ ತರಿಸುವಾಗಲೇ ಜೊತೆಗೆ ತರಿಸಿಕೊಂಡರೆ ಸಾಗಣೆಯ ಖರ್ಚು ಒಮ್ಮೆಗೆ ಮುಗಿಯುತ್ತದೆ.

ಪ್ರತಿ ಕ್ಯಾಸೆಟ್ಟಿಗೂ ಅಳಿಸಲಾಗದ ಮಾರ್ಕರಿನಿಂದ ಒಂದು ಸಂಖ್ಯೆ ಬರೆಯಿರಿ. ಮುಚ್ಚಳದ ಮೇಲಲ್ಲ, ಮೈಮೇಲೆ, ಏಕೆಂದರೆ ಮುಚ್ಚಳಗಳು ಅದಲುಬದಲಾಗುತ್ತವೆ. ಒಂದು ಪುಸ್ತಕದಲ್ಲಿ ಆ ಸಂಖ್ಯೆಯ ಎದುರು ತುಂಬಿದ ತಾರೀಕು, ಫಿಲ್ಮಿನ ಹೆಸರು, ಫ್ರೇಮುಗಳ ಸಂಖ್ಯೆ, ನೆಗೆಟಿವ್ ಒಣಗಿದ ಮೇಲೆ ಗೀರೋ ಕಪ್ಪೋ ಕಂಡದ್ದು, ಇಷ್ಟನ್ನು ಬರೆದಿಡಿ. ತುಂಬಿದ ಕ್ಯಾಸೆಟ್ಟಿನ ಮೇಲೂ ಫಿಲ್ಮಿನ ಹೆಸರನ್ನು ಮಾಸ್ಕಿಂಗ್ ಟೇಪಿನಲ್ಲಿ ಪೆನ್ಸಿಲಿನಿಂದ ಬರೆದು ಅಂಟಿಸಿ. ಕಪ್ಪು ಕ್ಯಾಸೆಟ್ಟಿನೊಳಗೆ 100ರ ಫಿಲ್ಮ್ ಇದೆಯೋ 400ರದ್ದಿದೆಯೋ ಎಂಬುದು ಮೂರು ವಾರ ಕಳೆದರೆ ಸುತ್ತಿದವರಿಗೂ ನೆನಪಿರುವುದಿಲ್ಲ. ಕಾರ್ಬನ್ ಲೇಪನವಿರುವ ಸಿನಿಮಾ ಬಣ್ಣದ ಫಿಲ್ಮನ್ನು ಸುತ್ತಿದ್ದರೆ ಆ ವಿಷಯವನ್ನು ದೊಡ್ಡ ಅಕ್ಷರದಲ್ಲಿ ಬರೆಯಲೇಬೇಕು, ಸಾಮಾನ್ಯ ಬಣ್ಣದ ಲ್ಯಾಬಿನ ಯಂತ್ರಕ್ಕೆ ಅದು ಹೋದರೆ ರಾಸಾಯನಿಕವೆಲ್ಲ ಮಲಿನವಾಗಿ ಬೇರೆಯವರ ರೋಲುಗಳೂ ಕೆಡುತ್ತವೆ. ಹೊರಗೆ ಸಂಸ್ಕರಣೆಗೆ ಕೊಡುವಾಗ "ಕ್ಯಾಸೆಟ್ಟು ಹಿಂದಿರುಗಿಸಿ, ಮುಚ್ಚಳ ತಿರುಗಿಸಿ ತೆಗೆಯಿರಿ" ಎಂಬ ಚೀಟಿಯನ್ನೂ ಹಚ್ಚಿ. ಚೀಟಿ ಹಚ್ಚದ ತಪ್ಪಿಗೆ ನನ್ನ ಎರಡು ಒಳ್ಳೆಯ ಕ್ಯಾಸೆಟ್ಟುಗಳು ಇಕ್ಕಳದ ಬಾಯಿಗೆ ಸಿಕ್ಕಿ ಸೀಳಿಹೋಗಿ ಬಂದವು.

ಒಂದು ಕ್ಯಾಸೆಟ್ಟು ಇಷ್ಟೇ ಸಲ ಬಾಳುತ್ತದೆ ಎಂಬ ಲೆಕ್ಕ ಯಾರೂ ಕೊಡಲಾರರು, ಪುಸ್ತಕವೇ ಹೇಳುತ್ತದೆ. ಒಮ್ಮೆ ಗೀರು ಬಿದ್ದರೆ ನಾನು ಮಖಮಲ್ಲನ್ನು ಶುಚಿಗೊಳಿಸಿ ಇನ್ನೊಂದು ಅವಕಾಶ ಕೊಡುತ್ತೇನೆ, ಅದೇ ಜಾಗದಲ್ಲಿ ಎರಡನೆಯ ಸಲ ಗೀರು ಕಂಡರೆ ತೆಗೆದಿಡುತ್ತೇನೆ. ಬೆಳಕು ಸೋರಿದ್ದಕ್ಕೆ ಎರಡನೆಯ ಅವಕಾಶವಿಲ್ಲ. ನೆಲಕ್ಕೆ ಬಿದ್ದದ್ದನ್ನು ಮತ್ತೆ ಅರ್ಧ ಮೀಟರಿನ ಪರೀಕ್ಷೆಗೆ ಒಡ್ಡದೆ ಬಳಸುವುದಿಲ್ಲ. ತೆಗೆದಿಟ್ಟವುಗಳ ಮೈಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಎಳೆದು ಬೇರೆ ಡಬ್ಬದಲ್ಲಿ ಹಾಕಿಟ್ಟಿದ್ದೇನೆ; ಹೊಸದಾಗಿ ಕಲಿಯಲು ಬಂದವರು ಕಣ್ಣು ಮುಚ್ಚಿಕೊಂಡು ಸ್ಪೂಲಿಗೆ ಟೇಪು ಹಚ್ಚುವುದನ್ನೂ ಮುಚ್ಚಳ ಕೂರಿಸುವುದನ್ನೂ ಅಭ್ಯಾಸ ಮಾಡುವುದು ಅವುಗಳ ಮೇಲೆ.